ಕಲ್ಲಿಗೆ ಯಾವ ಹೆಸರು

ಕಾಜೆನಾವ್ ಮನೆ, ಆಸ್ಪ್ ಕಣಿವೆ, ಫ್ರಾನ್ಸ್
೨೪ ಅಕ್ಟೋಬರ್ ೧೯೨೦

ತಮ್ಮ ಪ್ರೋಸ್ಪೆರ್,

ಈ ಕಾಗದ ನಿನ್ನ ಕೈ ಸೇರುತ್ತದೋ ಇಲ್ಲವೋ. ನನ್ನ ಹತ್ತಿರ ಇರುವುದು ಯುದ್ಧಕ್ಕೆ ಮುಂಚೆ ನೀನು ಕೊಟ್ಟ ವಿಳಾಸ. ಅಲ್ಲಿಂದೀಚೆಗೆ ನೀನು ಮನೆ ಬದಲಾಯಿಸಿದ್ದರೆ? ಅಂಚೆಯವನು ಬೇರೆ ಯಾರಿಗೋ ಕೊಟ್ಟು ಅವರು ಒಡೆದು ಓದಿದರೆ? ಹಡಗೇ ಮುಳುಗಿದರೆ? ನಿನ್ನ ಭಾವ ಬರ್ನಾರ್ ನಗುತ್ತಾನೆ. "ಮುಳುಗಿದ್ರೆ ನಿನ್ನ ಕಾಗದದ ಭಾರಕ್ಕೇ ಮುಳುಗಬೇಕು. ಎಷ್ಟು ಬರೀತೀಯ ಮಾರಾಯ್ತಿ!" ಅನ್ನುತ್ತಾನೆ.

ನನ್ನ ಅಕ್ಷರ ನಿನಗೆ ಗೊತ್ತೇ ಇದೆ. ಸನ್ಯಾಸಿನಿಯರ ಶಾಲೆಗೆ ಎರಡು ಚಳಿಗಾಲ ಹೋದೆ, ಅಮ್ಮ ಹಾಸಿಗೆ ಹಿಡಿದ ಮೇಲೆ ಅದೂ ನಿಂತಿತು. ತಪ್ಪಿದ್ದಲ್ಲಿ ಸರಿ ಮಾಡಿಕೊಂಡು ಓದು.

ಇಲೇರ್ ಹೋದದ್ದನ್ನು ಆಗಲೇ ತಿಳಿಸಿದ್ದೆ. ನೀನು ಒಂದು ಸಾಲೂ ಬರೆಯಲಿಲ್ಲ. ಇರಲಿ. ಅದನ್ನು ಎತ್ತುವುದಕ್ಕಲ್ಲ ಈ ಕಾಗದ.

ಯುದ್ಧದಲ್ಲಿ ಸತ್ತವರಿಗೆ ಚರ್ಚಿನ ಮುಂದೆ ಒಂದು ಕಲ್ಲು ನಿಲ್ಲಿಸುತ್ತಾರಂತೆ. ಊರಿನ ಹುಡುಗರ ಹೆಸರುಗಳೆಲ್ಲ ಅದರ ಮೇಲೆ. ನನ್ನ ಮಗನಿಗೆ ಮಣ್ಣು ಕೊಟ್ಟವರು ಯಾರು, ಎಲ್ಲಿ ಕೊಟ್ಟರು, ಕೊಟ್ಟರೋ ಇಲ್ಲವೋ, ಯಾವುದೂ ಗೊತ್ತಿಲ್ಲ. ಉತ್ತರದ ಯಾವುದೋ ಕೆಸರಿನಲ್ಲಿ ಇದ್ದಾನೆ. ಹಾಗಾಗಿ ನನಗೆ ಉಳಿದಿರುವುದು ಈ ಕಲ್ಲು ಒಂದೇ. ಅದರ ಮೇಲೆ ಅವನ ಹೆಸರು ತಪ್ಪಾಗಿ ಬರುತ್ತದೆ.

ನಿನ್ನ ಮಕ್ಕಳಿಗೆ ಓದಿ ಹೇಳಿದರೆ ಅರ್ಥವಾಗಲಿ ಎಂದು ಬಿಡಿಸಿ ಬರೆಯುತ್ತೇನೆ, ಅವರು ಆ ಬಯಲು ಸೀಮೆಯಲ್ಲಿ ಹುಟ್ಟಿದವರು. ಮಕ್ಕಳೇ, ನಮ್ಮ ಬೆಟ್ಟದಲ್ಲಿ ಹೆಸರು ಮನುಷ್ಯನದಲ್ಲ, ಮನೆಯದು. ಮೊದಲು ಹುಟ್ಟಿದವರಿಗೆ ಮನೆ, ಹೆಣ್ಣಾದರೂ ಸರಿ. ಆಮೇಲೆ ಹುಟ್ಟಿದವರು ಹೊರಗೆ. ನಾನು ಮೊದಲು ಹುಟ್ಟಿದೆ, ನಿಮ್ಮಪ್ಪ ಹಡಗು ಹತ್ತಿದ. ಮನೆಯಳಿಯನಾಗಿ ಬಂದವನು ಹೊಸ್ತಿಲು ದಾಟಿದ ದಿನದಿಂದ ಮನೆಯ ಹೆಸರಿನವನೇ. ಬರ್ನಾರನನ್ನು ಇಡೀ ಕಣಿವೆ ಕಾಜೆನಾವ್ ಎಂದೇ ಕೂಗುತ್ತದೆ. ಇಲೇರ್ ಹುಟ್ಟಿದ್ದೂ ಬೆಳೆದದ್ದೂ ಕಾಜೆನಾವ್ ಮನೆಯ ಇಲೇರ್ ಆಗಿ. ಆದರೆ ಸರ್ಕಾರದ ಕಾಗದಕ್ಕೆ ಮನೆ ಗೊತ್ತಿಲ್ಲ, ಅಪ್ಪ ಮಾತ್ರ ಗೊತ್ತು. ಕಾಗದದಲ್ಲಿ ಬರ್ನಾರ್ ಲಾಸಾಲ್, ಅವನ ಮಗ ಇಲೇರ್ ಲಾಸಾಲ್. ಕಲ್ಲಿಗೂ ಅದೇ ಹೋಗುತ್ತದೆ.

ಅದರಲ್ಲೇನು ಅನ್ನಬೇಡ ಪ್ರೋಸ್ಪೆರ್. ಅವನು ಸತ್ತ ಸುದ್ದಿ ಬಂದಾಗ ಏನಾಯಿತು ಅಂತ ನಿನಗೆ ಬರೆದಿರಲಿಲ್ಲ. ಹಳೆಯ ತಳವಾರ ಯುದ್ಧಕ್ಕೆ ಹೋಗಿದ್ದ, ಅವನ ಬದಲಿಗೆ ಕೆಳಗಿನೂರಿನ ಮುದುಕನೊಬ್ಬನನ್ನು ಇಟ್ಟುಕೊಂಡಿದ್ದರು. ಆ ಮುದುಕ ಬಟ್ಟೆ ಒಗೆಯುವ ಕೊಳದ ಹತ್ತಿರ ಬಂದು, "ಅಮ್ಮಂದಿರಾ, ಲಾಸಾಲ್ ಮನೆ ಯಾವುದು?" ಅಂತ ಕೇಳಿದ. ಎಲ್ಲರೂ ಒಟ್ಟಿಗೆ, "ಆ ಹೆಸರಿನ ಮನೆ ಇಲ್ಲಿಲ್ಲಪ್ಪ" ಅಂದೆವು. ನಾನೂ ಅಂದೆ. ಸುಳ್ಳೇನಲ್ಲ, ಆ ಹೆಸರಿನ ಮನೆ ಇಲ್ಲಿಲ್ಲ. ಅವನ ಕೈಯಲ್ಲಿ ಕರಿ ಅಂಚಿನ ಲಕೋಟೆ ಇತ್ತು. "ಪಾಪ, ಯಾರ ಹೊಟ್ಟೆ ಉರೀತೋ" ಅಂದಳು ನನ್ನ ಪಕ್ಕದವಳು. ಮುದುಕ ಸೇತುವೆ ದಾಟಿ ಮುಂದಿನ ಊರಿನ ಕಡೆ ಹೋದ. ಹಿಂಡುತ್ತಿದ್ದ ಬಟ್ಟೆ ಆಮೇಲೆ ನನ್ನ ಕೈಯಲ್ಲಿ ನಿಂತಿತು. ಒದ್ದೆ ಬಟ್ಟೆ ಹಿಡಿದುಕೊಂಡೇ ಅವನ ಹಿಂದೆ ಓಡಿದೆ.

ನಾಳೆ ಕಲ್ಲಿನ ಮುಂದೆ ನಿಂತವರೂ ಹಾಗೆಯೇ ಪಾಪ ಯಾರ ಮಗನೋ ಅಂದುಕೊಂಡು ಹೋಗುತ್ತಾರೆ. ಅದೇ ನನ್ನ ಭಯ.

ಮೇಯರ್ ಹತ್ತಿರ ಹೋದೆ. "ಕಾಗದದಲ್ಲಿಲ್ಲದ ಹೆಸರು ಕಲ್ಲಿನಲ್ಲಿ ಹೇಗಮ್ಮ ಬರುತ್ತೆ? ಮೇಲಿನೋರು ಬಂದು ಇವನ್ಯಾರು ಅಂದ್ರೆ?" ಅಂದರು. "ಇಡೀ ಊರೇ ಹೇಳುತ್ತೆ" ಅಂದೆ. "ಊರು ಹೇಳುತ್ತೆ, ಸಹಿ ಹಾಕಲ್ಲವಲ್ಲ" ಅಂದರು. ಕೊನೆಗೆ ನನ್ನ ಕಾಟ ತಾಳಲಾರದೆ, ಕಾಗದದಲ್ಲಿ ಕಾಜೆನಾವ್ ಎಂದಿರುವ ಗಂಡಸು ಒಬ್ಬ, ನನ್ನ ಅಕ್ಕನ ಮಗನಿಗೆ ಈ ಹೆಸರು ಸಲ್ಲಬೇಕು ಅಂತ ಅಧಿಕಾರಿಗಳ ಮುಂದೆ ಬರೆದುಕೊಟ್ಟರೆ ನೋಡೋಣ ಅಂದರು. ಅಂಥವನು ಉಳಿದಿರುವುದು ನೀನೊಬ್ಬನೇ.

ಬೇಗ ಬರೆ. ಹೊಟ್ಟೆನೋವು ಈಗ ಹೇಗಿದೆ? ಅಲ್ಲಿ ಬರೀ ಮಾಂಸ ತಿನ್ನುತ್ತಾರಂತೆ, ನಿನಗೆ ಅದು ಆಗುವುದಿಲ್ಲ.

ನಿನ್ನ ಅಕ್ಕ
ರೋಜಾಲಿ


ತಾಂದಿಲ್, ಅರ್ಜೆಂಟೀನಾ
೧೯ ಡಿಸೆಂಬರ್ ೧೯೨೦

ಅಕ್ಕ,

ಹಡಗು ಮುಳುಗಲಿಲ್ಲ. ಕಾಗದ ಸಿಕ್ಕಿತು.

ನಿನಗೆ ಮನೆ ಸಿಕ್ಕಿತು, ನನಗೆ ಹೆಸರು ಸಿಕ್ಕಿತು. ಈಗ ಹೆಸರೂ ಬೇಕಾ?

ನಾನು ಹೊರಟ ದಿನ ಅಪ್ಪ ಬಾಗಿಲಲ್ಲಿ ನಿಂತು ಏನಂದ ಅಂತ ನಿನಗೆ ನೆನಪಿರಬೇಕು, ನೀನು ಅವನ ಹಿಂದೆಯೇ ನಿಂತಿದ್ದೆ. "ಕುರಿ ಹೆಚ್ಚಾದ್ರೆ ಸಂತೆ, ಮಕ್ಕಳು ಹೆಚ್ಚಾದ್ರೆ ಹಡಗು. ಅಳಬೇಡ ಹೋಗು." ನಾನು ಅಳಲಿಲ್ಲ. ಅವತ್ತಿನಿಂದ ಆ ಮನೆಯ ವಿಷಯಕ್ಕೆ ಅತ್ತಿಲ್ಲ.

ಒಂದೇ ಒಂದು ಸಲ ಕೇಳಿದ್ದೆ. ೧೯೧೩ರಲ್ಲಿ. ಇಲೇರನನ್ನು ಇಲ್ಲಿಗೆ ಕಳಿಸು ಅಂತ. ಕಣಿವೆಯ ಎಷ್ಟೋ ಹುಡುಗರು ಸೈನ್ಯಕ್ಕೆ ಕರೆ ಬರುವ ಮುಂಚೆ ಇಲ್ಲಿಗೆ ಬಂದರು. ಈಗ ಹೆಂಡತಿ ಮಕ್ಕಳ ಜೊತೆ ಭಾನುವಾರ ನನ್ನ ಅಂಗಡಿ ಮುಂದೆ ಹಾದುಹೋಗುತ್ತಾರೆ. ನೀನು ಒಂದು ಸಾಲು ಬರೆದೆ. "ಮನೆಯ ಹೆಸರು ಉಳಿಸುವವನು ಬೇಕು."

ಇದಕ್ಕಿಂತ ಹೆಚ್ಚು ನನ್ನಿಂದ ಬರೆಯಲಾಗದು.

ಪ್ರೋಸ್ಪೆರ್

ದೊಡ್ಡ ಮಗ ನಿನ್ನ ಕಾಗದ ಓದಿಸಿಕೊಂಡ. ಕಾಜೆನಾವ್ ಅಂದರೆ ಏನು ಅಂತ ಕೇಳಿದ. ಗೊತ್ತಿದ್ದೂ ಗೊತ್ತಿಲ್ಲ ಅಂದೆ.


ಕಾಜೆನಾವ್ ಮನೆ
೬ ಫೆಬ್ರವರಿ ೧೯೨೧

ತಮ್ಮ ಪ್ರೋಸ್ಪೆರ್,

ನಿನ್ನ ಕಾಗದ ಬಂದು ಸ್ವಲ್ಪ ದಿನವಾಯಿತು. ಹಂದಿ ಕೊಯ್ಯುವ ಕೆಲಸವಿತ್ತು, ಉಪ್ಪು ಹಾಕಬೇಕಿತ್ತು, ಕುಂಟುವ ಕುರಿಯೊಂದು ನಾಲ್ಕು ದಿನ ಕಾಡಿತು. ಅದಕ್ಕೇ ತಡ. ಹಾಗಂತ ಬರೆಯುತ್ತೇನೆ, ನಂಬುವುದು ಬಿಡುವುದು ನಿನಗೆ ಬಿಟ್ಟದ್ದು. ೧೯೧೩ರ ಬಗ್ಗೆ ಬರೆಯಲು ಕೂತಾಗಲೆಲ್ಲ ಮಸಿ ಒಣಗುತ್ತದೆ.

ನಿನ್ನ ಮಗ ಕೇಳಿದ್ದಕ್ಕೆ ಉತ್ತರ ಬರೆಯಬಲ್ಲೆ.

ಮಗು, ನಿನ್ನ ಹೆಸರು ನನಗೆ ಯಾರೂ ಹೇಳಿಲ್ಲ. ಕಾಜೆನಾವ್ ಅಂದರೆ ಹೊಸಮನೆ. ಇಲ್ಲಿ ಇದಕ್ಕಿಂತ ಹಳೆಯ ಸೂರು ಇನ್ನೊಂದಿಲ್ಲ, ಆದರೂ ಹೊಸಮನೆಯೇ. ನಮ್ಮಜ್ಜ ಹೇಳುತ್ತಿದ್ದರು. ಮೊದಲು ನಮ್ಮ ಮನೆ ಕೆಳಗೆ ಹಳ್ಳದ ಪಕ್ಕ ಇತ್ತಂತೆ. ಒಂದು ಚಳಿಗಾಲ ಬೆಟ್ಟದ ಹಿಮ ಜಾರಿ ಬಂತು. ಮನೆಯ ಹೆಣ್ಣುಮಗಳೊಬ್ಬಳು ಕುರಿಗಳಿಗೆ ಹುಲ್ಲು ಹಾಕಲು ದೊಡ್ಡಿಗೆ ಹೋಗಿದ್ದಳು. ವಾಪಸು ಬಂದರೆ ಮನೆ ಇಲ್ಲ, ಜನ ಇಲ್ಲ, ಬಿಳಿ ಗುಡ್ಡೆ ಇದೆ. ಹಿಮ ಕರಗಿದ ಮೇಲೆ ಅವಳು ಅದೇ ಕಲ್ಲುಗಳನ್ನು ಮೇಲಕ್ಕೆ ಹೊತ್ತು ಇನ್ನೊಂದು ಮನೆ ಕಟ್ಟಿಸಿದಳು. ಅಕ್ಕಪಕ್ಕದವರು ಅದನ್ನು ಹೊಸಮನೆ ಅಂದರು, ಅವಳನ್ನು ಹೊಸಮನೆಯವಳು ಅಂದರು. ಹಳೆಯ ಮನೆಗೂ ಒಂದು ಹೆಸರು ಇದ್ದಿರಬೇಕು. ಅದು ಹಿಮದ ಕೆಳಗೆ ಹೋಯಿತು. ಅವಳು ಅದನ್ನು ಯಾರಿಗೂ ಹೇಳಲಿಲ್ಲವೋ, ಯಾರೂ ಕೇಳಲಿಲ್ಲವೋ.

ಅವಳ ಹೊಟ್ಟೆಯಲ್ಲಿ ಹುಟ್ಟಿ ಹೊರಗೆ ಹೋದವರು ಹೆಸರನ್ನು ಹೊತ್ತುಕೊಂಡು ಹೋದರು. ಕಣಿವೆಯ ಆಚೆ ಸ್ಪೇನಿಗೆ ಮರ ಕಡಿಯಲು, ಬೋರ್ಡೋ ಬಂದರಿಗೆ ಪೀಪಾಯಿ ಉರುಳಿಸಲು, ಆಮೇಲೆ ಹಡಗಿನಲ್ಲಿ ನಿಮ್ಮ ಕಡೆಗೆ. ಕಾಜೆನಾವ್ ಅನ್ನುವವರು ಎಲ್ಲೆಲ್ಲೂ ಸಿಗುತ್ತಾರೆ ಅನ್ನುತ್ತಾರೆ ನಮ್ಮ ಮೇಷ್ಟ್ರು. ಎಲ್ಲರೂ ನಮ್ಮವರಲ್ಲ ಮಗು. ಪ್ರತಿ ಕಣಿವೆಯಲ್ಲೂ ಯಾರೋ ಒಬ್ಬರು ಒಂದು ಕಾಲದಲ್ಲಿ ಮನೆ ಕಳೆದುಕೊಂಡು ಹೊಸಮನೆ ಕಟ್ಟಿದ್ದಾರೆ, ಅಷ್ಟೇ.

ಪ್ರೋಸ್ಪೆರ್, ಈಗ ಈ ಮನೆಯಲ್ಲಿ ನನ್ನ ನಂತರ ಯಾರೂ ಇಲ್ಲ. ಈ ಸಲ ಹಿಮ ಜಾರದೆಯೇ ಮನೆ ಹೋಗುತ್ತಿದೆ. ಕಲ್ಲಿನ ಮೇಲೆ ಒಂದು ಸಾಲಾದರೂ ಉಳಿಯಲಿ ಅಂತ ಆಸೆ. ನಿನ್ನ ಕೋಪ ನನ್ನ ಮೇಲಿರಲಿ, ಹುಡುಗನ ಮೇಲೆ ಬೇಡ.

ಬರ್ನಾರನನ್ನೂ ಕೇಳಿದೆ, ನೀನೇನಂತೀಯ ಅಂತ. "ಸಾರು ಆರ್ತಾ ಇದೆ" ಅಂದ.

ಅಕ್ಕ
ರೋಜಾಲಿ


ಕಾಜೆನಾವ್ ಮನೆ
೧೭ ಏಪ್ರಿಲ್ ೧೯೨೧

ಪ್ರೋಸ್ಪೆರ್,

ನಿನ್ನಿಂದ ಕಾಗದವಿಲ್ಲ. ಕಾಯಿಲೆಯೋ? ಮಕ್ಕಳು ಚೆನ್ನಾಗಿದ್ದಾರೋ? ನೀನು ಬೇಕೆಂದೇ ಬರೆಯುತ್ತಿಲ್ಲ ಅಂತಾದರೆ ನನಗೆ ಎಷ್ಟೋ ಸಮಾಧಾನ.

ಕಲ್ಲು ಒಲೊರೋನ್ ಪೇಟೆಯಿಂದ ಎತ್ತಿನ ಗಾಡಿಯಲ್ಲಿ ಬಂತು. ಬೂದು ಕಲ್ಲು. ಚರ್ಚಿನ ಗೋಡೆಗೆ ಒರಗಿಸಿ ಮೇಲೆ ಗೋಣಿ ಹೊದಿಸಿದ್ದಾರೆ. ನಾನು ದಿನಾ ಗೋಣಿ ಎತ್ತಿ ನೋಡಿ ಬರುತ್ತೇನೆ. ಮೊನ್ನೆ ಕಲ್ಲುಕುಟಿಗ ಹಿಡಿದುಕೊಂಡ. "ಅಮ್ಮಾ, ಇನ್ನೂ ಉಳಿ ಮುಟ್ಟಿಸಿಲ್ಲ, ಏನು ಓದ್ತೀಯ?" "ತಪ್ಪಾಗಿ ಕೆತ್ತಿಬಿಟ್ರೆ?" ಅಂದೆ. "ಬರೆದುಕೊಟ್ಟದ್ದನ್ನ ಕೆತ್ತೋನು ನಾನು. ತಪ್ಪು ಬರೆದುಕೊಟ್ಟೋರದು" ಅಂದ. "ಒಂದು ಸಲ ಕೆತ್ತಿದ್ಮೇಲೆ ತೆಗೆಯೋಕಾಗುತ್ತಾ?" "ಆಗುತ್ತೆ. ಕಲ್ಲು ಒಡೆದ್ರೆ" ಅಂದ.

ಶರತ್ಕಾಲದ ಒಳಗೆ ಹೇಳಬೇಕಂತೆ. ನಾವು ಮುಂದಿನ ತಿಂಗಳು ಕುರಿ ಹೊಡೆದುಕೊಂಡು ಮೇಲಿನ ಹುಲ್ಲುಗಾವಲಿಗೆ ಹೋಗುತ್ತೇವೆ. ನೀನು ಬರೆದರೆ ಕೆಳಗೆ ಪಾದ್ರಿಯವರ ಮನೆಯಲ್ಲಿ ಇಟ್ಟಿರುತ್ತಾರೆ. ಬರ್ನಾರನ ಮೊಣಕಾಲು ಊದಿದೆ, ಆದರೂ ಬರುತ್ತೇನೆ ಅನ್ನುತ್ತಾನೆ. ಮುಂಚೆ ಇಲೇರ್ ಮುಂದೆ ನಡೆಯುತ್ತಿದ್ದ. ಗಂಟೆ ಕಟ್ಟಿದ ಟಗರು ಈಗಲೂ ಅವನು ತಿರುಗುತ್ತಿದ್ದ ಕಡೆ ತಿರುಗಿ ನಿಲ್ಲುತ್ತದೆ. ಹೋದ ವರ್ಷವೂ ನಿಂತಿತು.

ರೋಜಾಲಿ


ತಾಂದಿಲ್
೧೨ ಜೂನ್ ೧೯೨೧

ಅಕ್ಕ,

ಇದರ ಜೊತೆ ಇರುವುದು ನೀನು ಕೇಳಿದ್ದು. ಬ್ಯೂನಸ್ ಐರಿಸ್‌ಗೆ ಹೋಗಿ ಫ್ರಾನ್ಸಿನ ಕಚೇರಿಯಲ್ಲಿ ಬರೆಸಿ, ಮುದ್ರೆ ಒತ್ತಿಸಿದ್ದೇನೆ. ನನ್ನ ಅಕ್ಕನ ಮಗ ಇಲೇರನಿಗೆ ಕಾಜೆನಾವ್ ಹೆಸರು ಸಲ್ಲಬೇಕು, ಅದಕ್ಕೆ ನನ್ನ ಒಪ್ಪಿಗೆ ಇದೆ ಅಂತ. ಬರೆಯುವವನು, "ಸತ್ತವನಿಗೆ ಹೆಸರು ಕೊಟ್ಟು ಏನು ಪ್ರಯೋಜನ?" ಅಂದ. ನಾನು ಸಹಿ ಹಾಕಿದೆ. ರೈಲಿನಲ್ಲಿ ವಾಪಸು ಬರುವಾಗ ಅಳು ಬಂತು. ಬಯಲು, ಬಯಲು, ಗಂಟೆಗಟ್ಟಲೆ ಒಂದು ಗುಡ್ಡ ಇಲ್ಲ. ಅಪ್ಪ ಬೇಡ ಅಂದಿದ್ದನ್ನು ಮೂವತ್ತು ವರ್ಷದ ಮೇಲೆ ಮಾಡಿದೆ.

ನನ್ನ ಮಕ್ಕಳಲ್ಲಿ ಯಾರನ್ನಾದರೂ ಕಳಿಸು ಅಂತ ನೀನು ಮುಂದೆ ಬರೆಯುತ್ತೀಯ. ಬರೆಯಬೇಡ. ಅವರು ಇಲ್ಲಿಯವರು. ನಮ್ಮ ಬೆಟ್ಟ ಅಂದರೆ ಅವರಿಗೆ ಗೋಡೆಯ ಮೇಲಿನ ಚಿತ್ರ. ಹಿಮದ ಕಥೆಯನ್ನು ದೊಡ್ಡವನಿಗೆ ಓದಿದೆ. ಅವನ ಹೆಸರು ಅನ್ಸೆಲ್ಮೊ. ಆ ಹೆಣ್ಣುಮಗಳು ಬೇರೆ ಎಲ್ಲಿಗಾದರೂ ಯಾಕೆ ಹೋಗಲಿಲ್ಲ ಅಂತ ಕೇಳಿದ.

ನನ್ನ ಮಾವ ಸತ್ತು ಹತ್ತು ವರ್ಷವಾಯಿತು. ಚರ್ಮದ ಅಂಗಡಿ ನನ್ನದು, ಸಾಲ ತೀರಿಸಿದವನು ನಾನು, ಬೋರ್ಡಿನ ಮೇಲೆ ನನ್ನ ಹೆಸರು. ಆದರೂ ಊರಿಗೆ ನಾನು "ಎಚೆವೆರಿಯ ಅಳಿಯ". ನಾನು ಸತ್ತರೂ ಎಚೆವೆರಿಯ ಅಳಿಯ ಸತ್ತ ಅಂತಲೇ ಹೇಳುತ್ತಾರೆ.

ಬರ್ನಾರ್ ಹೇಗಿದ್ದಾನೆ? ನಿನ್ನ ಕಾಗದಗಳಲ್ಲಿ ಅವನು ನಗುತ್ತಾನೆ, ಸಾರು ಕುಡಿಯುತ್ತಾನೆ, ಕುಂಟುತ್ತಾನೆ. ಬೇರೇನೂ ಮಾಡುವುದಿಲ್ಲ.

೧೯೧೩ರ ಬಗ್ಗೆ ನಾನು ಅವತ್ತು ಬರೆದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ ಅಕ್ಕ. ಆದರೆ ಅದನ್ನು ಇನ್ನೊಮ್ಮೆ ಬರೆಯುವುದೂ ಇಲ್ಲ.

ಪ್ರೋಸ್ಪೆರ್


ಕಾಜೆನಾವ್ ಮನೆ
೨೫ ಸೆಪ್ಟೆಂಬರ್ ೧೯೨೧

ತಮ್ಮ ಪ್ರೋಸ್ಪೆರ್,

ಮೇಲಿನಿಂದ ಕುರಿ ಇಳಿಸಿಕೊಂಡು ಬಂದ ದಿನವೇ ಪಾದ್ರಿಯವರು ನಿನ್ನ ಲಕೋಟೆ ಕೊಟ್ಟರು. ಮುದ್ರೆಯ ಮೇಲೆ ಬೆರಳಾಡಿಸಿ ನೋಡಿದೆ. ಎಷ್ಟು ದೂರ ಹೋಗಿ ಬಂದೆಯಪ್ಪ. ಅದನ್ನು ದುಪ್ಪಟಿಯ ಮಡಿಕೆಯಲ್ಲಿಟ್ಟೆ. ಇಲಿ ಕಡಿದರೆ ಅಂತ ತೆಗೆದು ಡಬ್ಬಿಯಲ್ಲಿಟ್ಟೆ, ಡಬ್ಬಿ ತೇವ ಅನಿಸಿ ಮತ್ತೆ ತೆಗೆದೆ. ಮಾರನೆಯ ದಿನವೇ ಮೇಯರ್ ಹತ್ತಿರ ಹೋಗಬೇಕಿತ್ತು.

ಹೋಗಲಿಲ್ಲ. ಅವತ್ತು ಒಬ್ಬ ಬಂದ.

ನಾನು ಗಿಣ್ಣಿನ ಕೋಣೆಯಲ್ಲಿ ಕುರಿಹಾಲಿನ ಗಟ್ಟಿ ಗಿಣ್ಣುಗಳಿಗೆ ಉಪ್ಪು ಸವರುತ್ತಿದ್ದೆ. ಹೊರಗೆ ದಾರಿಯ ಪಕ್ಕ ಬರ್ನಾರ್ ಕುಸಿದ ಗೋಡೆಗೆ ಕಲ್ಲು ಜೋಡಿಸುತ್ತಿದ್ದ. ಕಿಟಕಿ ಸಣ್ಣದು, ಆದರೆ ಮಾತು ಕೇಳುತ್ತದೆ. ಬಂದವನು ಲಾಂದ್ ಕಡೆಯವನು, ಪೈನ್ ಮರದಿಂದ ಅಂಟು ಇಳಿಸುವ ಕೆಲಸದವನು. ಹೆಸರು ದ್ಯುಬೋಸ್. ಒಂದು ತೋಳು ಖಾಲಿ, ಅಂಗಿಯ ತೋಳನ್ನು ಪಿನ್ನು ಹಾಕಿ ಮಡಚಿದ್ದ.

"ಯಜಮಾನ್ರೇ, ಬೆಳಿಗ್ಗೆಯಿಂದ ಸುತ್ತಿಸ್ತಾ ಇದಾರೆ. ಇಲ್ಲಿ ಲಾಸಾಲ್ ಅನ್ನೋರು ಯಾರು?"

ಕಲ್ಲಿನ ಸದ್ದು ನಿಂತಿತು. ನಾನೇ ಹೊರಗೆ ಹೋಗಿ ಹೇಳೋಣ ಅಂತ ಎದ್ದೆ.

"ನಾನೇ" ಅಂದ ಬರ್ನಾರ್.

ಈ ಮನೆಗೆ ಬಂದ ಮೇಲೆ ಅವನ ಬಾಯಿಂದ ಆ ಮಾತು ನಾನು ಕೇಳಿರಲಿಲ್ಲ ಪ್ರೋಸ್ಪೆರ್.

ಆ ಮನುಷ್ಯ ಇಲೇರನ ಜೊತೆ ಒಂದೇ ಕಂದಕದಲ್ಲಿದ್ದವನು. ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಇದ್ದನಂತೆ, ಅದಕ್ಕೇ ಬರಲು ತಡ. ಕೂತು ಹೇಳತೊಡಗಿದ. "ಬೆಳಿಗ್ಗೆ ಸಾರ್ಜೆಂಟ್ ಹಾಜರಿ ಕೂಗ್ತಿದ್ದ. ನಾವೆಲ್ಲ ನಿದ್ದೆಗಣ್ಣಲ್ಲಿ ಊಂ ಅನ್ನೋದು. ನಿಮ್ಮ ಹುಡುಗ ಮಾತ್ರ ಆಚೆ ಬೆಟ್ಟಕ್ಕೆ ಕೇಳೋ ಹಾಗೆ, 'ಲಾಸಾಲ್! ಇದ್ದೀನಿ!' ಸಾರ್ಜೆಂಟ್ ಬೈತಿದ್ದ, 'ಲೋ, ಇಲ್ಲಿರೋರು ಕುರಿಗಳಲ್ಲ ಕಣೋ, ಮೆಲ್ಲಗೆ!' ಅಂತ."

ಬರ್ನಾರ್ ನಗಲಿಲ್ಲ. "ಹೆಸರು ಅವನೇ ಹೇಳ್ತಿದ್ನಾ?" ಅಂತ ಕೇಳಿದ.

"ಮತ್ತೆ? ಅವನ ಹೆಸರು ಅವನು ಹೇಳ್ದೆ ನಾನು ಹೇಳ್ಲಾ?"

"ಇನ್ನೊಂದ್ಸಲ ಹೇಳಪ್ಪ. ಹೇಗೆ ಹೇಳ್ತಿದ್ದ?"

ದ್ಯುಬೋಸ್ ಹೇಳಿದ. ಬರ್ನಾರ್, "ಅಷ್ಟು ಜೋರಾಗೇ ಹೇಳು" ಅಂದ. ಅವನು ಎದ್ದು ನಿಂತು, ಇರುವ ಒಂದು ಕೈಯನ್ನು ಬಾಯಿಯ ಪಕ್ಕ ಹಿಡಿದು ಕೂಗಿದ. ನಮ್ಮ ನಾಯಿ ಎದ್ದು ಬೊಗಳಿತು. ಬರ್ನಾರ್ ಮತ್ತೆ, "ಇನ್ನೊಂದ್ಸಲ" ಅಂದ. ಆ ಮನುಷ್ಯನಿಗೆ ಏನೋ ಅರ್ಥವಾಗಿರಬೇಕು, ಯಾಕೆ ಅಂತ ಕೇಳಲಿಲ್ಲ. ಇನ್ನೊಮ್ಮೆ ಕೂಗಿದ.

ನಾನು ಉಪ್ಪಿನ ಕೈಯಲ್ಲೇ ಹೊರಗೆ ಬಂದೆ. ಗಿಣ್ಣು, ರೊಟ್ಟಿ, ವೈನ್ ಕೊಟ್ಟೆ. ನನ್ನ ಮಗ ನೋವು ಪಟ್ಟನಾ ಅಂತ ಕೇಳಿದೆ. "ಇಲ್ಲಮ್ಮ" ಅಂದ. ನಾನು ಕೇಳಿ ಮುಗಿಸುವ ಮೊದಲೇ ಅಂದುಬಿಟ್ಟ.

ಅವನು ಹೋದ ಮೇಲೆ ಬರ್ನಾರ್ ಮತ್ತೆ ಗೋಡೆ ಕಟ್ಟಲು ಹೋದ. ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟುತ್ತಿದ್ದ. ಸಂಜೆ ನಿನ್ನ ಮುದ್ರೆಯ ಕಾಗದವನ್ನು ತಾನೇ ತೆಗೆದು ಮೇಜಿನ ಮೇಲಿಟ್ಟು, "ನಾಳೆ ಮೇಯರ್ ಇರ್ತಾನೆ. ಹೋಗಿ ಕೊಟ್ಟು ಬಾ. ಊರಿಗೆ ಗೊತ್ತಿರೋ ಹೆಸರೇ ಸರಿ" ಅಂದ. ನಾನು ಮೊಣಕಾಲಿಗೆ ಬಿಸಿ ಬಟ್ಟೆ ಹಾಕು ಅಂದೆ.

ಹೋಗಿಲ್ಲ ಇನ್ನೂ. ಏನು ಹೇಳಲಿ ಅಂತ ತಿಳಿಯುತ್ತಿಲ್ಲ. ಹೋದರೂ ತಪ್ಪು, ಹೋಗದಿದ್ದರೂ ತಪ್ಪು ಅನಿಸುತ್ತದೆ. ಕಲ್ಲುಕುಟಿಗ ಉಳಿ ಮಸೆಯುವ ಸದ್ದು ಇಲ್ಲಿಗೇ ಕೇಳುತ್ತಿದೆ.

ರೋಜಾಲಿ


ಕಾಜೆನಾವ್ ಮನೆ
೧೩ ನವೆಂಬರ್ ೧೯೨೧

ಪ್ರೀತಿಯ ತಮ್ಮ,

ಕಲ್ಲು ನಿಲ್ಲಿಸಿದರು. ಮಳೆಯಲ್ಲಿ ಹಿಮ ಬೆರೆತಿತ್ತು, ಪಾದ್ರಿಯವರಿಗೆ ಕೆಮ್ಮು, ಬ್ಯಾಂಡಿನವರ ಬೆರಳು ಮರಗಟ್ಟಿ ಹಾಡು ಅರ್ಧಕ್ಕೆ ನಿಂತಿತು. ಈಗ ಎಲ್ಲ ಮುಗಿದಿದೆ.

ನೀನು ಬೈದರೆ ಬೈಯಿ. ನಿನ್ನ ಕಾಗದವನ್ನು ನಾನು ಕೊಡಲಿಲ್ಲ.

ಮೇಯರ್ ಹತ್ತಿರ ಹೋಗಿ, ನಿಮ್ಮ ಪಟ್ಟಿಯಲ್ಲಿ ಇರುವ ಹಾಗೇ ಇರಲಿ ಅಂದೆ. ಅವರು ಕನ್ನಡಕ ತೆಗೆದರು. "ಒಂದು ವರ್ಷ ನನ್ನ ಪ್ರಾಣ ತಿಂದೆ. ಸಮುದ್ರದ ಆಚೆಯಿಂದ ಮುದ್ರೆ ಒತ್ತಿಸಿ ತರಿಸಿದೆ ಅಂತ ಪಾದ್ರಿ ಹೇಳ್ತಾ ಇದ್ರು. ಈಗ ಬೇಡ ಅಂತೀಯಾ?" "ಹೌದು, ಬೇಡ." "ಯಾಕೆ?" "ಹುಡುಗ ಹಾಗ್ ಹೇಳ್ತಿದ್ನಂತೆ" ಅಂದೆ. ಅವರಿಗೆ ಅರ್ಥವಾಗಲಿಲ್ಲ. ಮತ್ತೆ ಕೇಳಲೂ ಇಲ್ಲ, ನಾನು ಮನಸ್ಸು ಬದಲಾಯಿಸಿಬಿಟ್ಟರೆ ಅಂತ ಹೆದರಿರಬೇಕು.

ಮನೆಗೆ ಬಂದು ಬರ್ನಾರನಿಗೆ ಹೇಳಿದೆ. "ಬೇಡ ಕಣೇ, ಅದು ಯಾರು ಅಂತ ಯಾರಿಗೂ ಗೊತ್ತಾಗಲ್ಲ" ಅಂದ. "ಒಬ್ಬೊಬ್ಬರಿಗೂ ಹೇಳ್ತೀನಿ. ನನಗೆ ಬಾಯಿಲ್ವಾ?" ಅಂದೆ. "ನಿನಗೆ ಬಾಯಿರೋದು ಇಡೀ ಕಣಿವೆಗೇ ಗೊತ್ತು" ಅಂದ. ಆಮೇಲೆ ಎದ್ದು ಹೊರಗೆ ಹೋದ. ಒಲೆಗೆ ಸೌದೆ ತರಲು ಹೋಗಿರಬೇಕು ಅಂದುಕೊಂಡೆ. ಕತ್ತಲಾದರೂ ಸೌದೆ ಬರಲಿಲ್ಲ.

ಲಾಸಾಲ್ ಅನ್ನುವ ಮನೆ ಎಲ್ಲಿದೆ ಅಂತ ಅವನನ್ನು ಕೇಳಿದೆ. ನೋಡು, ಇಷ್ಟು ವರ್ಷ ಒಂದೇ ಒಲೆಯ ಮುಂದೆ ಕೂತು ಕೇಳಿರಲಿಲ್ಲ. ಅವನಿಗೂ ಗೊತ್ತಿಲ್ಲ. ಅವನಜ್ಜ ಕೂಲಿ ಕುರುಬನಾಗಿ ಕಣಿವೆಯಿಂದ ಕಣಿವೆಗೆ ಬಂದವನಂತೆ, ಅಜ್ಜನ ಅಪ್ಪನೂ ಹಾಗೆಯೇ. ಎಲ್ಲೋ ಯಾವುದೋ ಕಾಲದಲ್ಲಿ ಆ ಹೆಸರಿನ ಬಾಗಿಲೊಂದಿತ್ತು, ಅದರಿಂದ ಯಾರೋ ಕಿರಿಯವನು ಹೊರಗೆ ಬಂದ. ನಿನ್ನ ಹಾಗೆ. "ಬಾಗಿಲು ನಾವ್ಯಾರೂ ನೋಡಿಲ್ಲ" ಅಂದ ಬರ್ನಾರ್. "ಹೆಸರು ಮಾತ್ರ ಜೇಬಲ್ಲಿತ್ತು."

ಕಲ್ಲು ನಿಲ್ಲಿಸುವ ದಿನ ಮನೆಮನೆಯವರು ಮುಂದೆ ನಿಂತರು. ಮನೆಯಳಿಯಂದಿರು ನಮ್ಮಲ್ಲಿ ಒಂದು ಹೆಜ್ಜೆ ಹಿಂದೆ ನಿಲ್ಲುತ್ತಾರೆ, ನಿನಗೆ ಗೊತ್ತು. ಅವನು ಹಿಂದೆಯೇ ನಿಂತಿದ್ದ. ನಾನು ಒಂದು ಹೆಜ್ಜೆ ಹಿಂದಕ್ಕೆ ಹೋಗಿ ಅವನ ಪಕ್ಕ ನಿಂತೆ. ಕೆಸರಿತ್ತು, ಜಾರಿದೆ, ಅವನು ಹಿಡಿದುಕೊಂಡ. ಹೆಸರು ಓದುವಾಗಲೂ ಕೈ ಬಿಡಲಿಲ್ಲ. ಎಷ್ಟು ಬಿಗಿಯಾಗಿ ಹಿಡಿದಿದ್ದ ಅಂದರೆ ಬೆರಳಿನ ಗುರುತು ಇನ್ನೂ ಇದೆ.

ಈಗ ಈ ಕಣಿವೆಯಲ್ಲಿ ನಮ್ಮ ಹೆಸರು ಎಲ್ಲೂ ಬರೆದಿಲ್ಲ. ನಾನಿರುವ ತನಕ ಜನರ ಬಾಯಲ್ಲಿ ಇರುತ್ತದೆ. ಆಮೇಲೆ ಈ ಮನೆಗೆ ಬರುವವರನ್ನು ಕಾಜೆನಾವ್ ಅಂತ ಕರೆಯುತ್ತಾರೋ, ಸೂರು ಬಿದ್ದ ಮೇಲೆ ಕರೆಯಲು ಯಾರಾದರೂ ಇರುತ್ತಾರೋ. ಅದನ್ನೆಲ್ಲ ಯೋಚಿಸಿದರೆ ನಿದ್ದೆ ಬರುವುದಿಲ್ಲ, ಅದಕ್ಕೆ ಯೋಚಿಸುವುದಿಲ್ಲ ಅಂತ ಬರೆಯುತ್ತೇನೆ.

ಹೆಸರು ಇನ್ನು ನಿನ್ನ ಹತ್ತಿರವೇ ಇದೆ ಪ್ರೋಸ್ಪೆರ್. ನಿನ್ನ ಮಕ್ಕಳ ಹತ್ತಿರ. ಅನ್ಸೆಲ್ಮೊಗೆ ಹೇಳು, ಆ ಹೆಣ್ಣುಮಗಳು ಬೇರೆ ಕಡೆ ಯಾಕೆ ಹೋಗಲಿಲ್ಲ ಅಂತ ಅತ್ತೆಗೂ ಗೊತ್ತಿಲ್ಲವಂತೆ ಅಂತ. ಅವರು ಇಲ್ಲಿಗೆ ಬರುವುದು ಬೇಡ. ಯಾರನ್ನಾದರೂ ಕಳಿಸು ಅಂತ ನಾನು ಕೇಳುವುದಿಲ್ಲ. ಹೆಸರಿಗಾಗಿ ಯಾರನ್ನಾದರೂ ಇಲ್ಲೇ ಇಟ್ಟುಕೊಳ್ಳುತ್ತೇನೆ ಅಂತಲೂ ಇನ್ನು ಹೇಳುವುದಿಲ್ಲ.

ಅಲ್ಲಿಯ ಜನ ಆ ಹೆಸರನ್ನು ಹೇಗೆ ತಿರುಚಿ ಕೂಗುತ್ತಾರೋ ಏನೋ. ಹೇಗೆ ಕೂಗಿದರೂ ಪರವಾಗಿಲ್ಲ. ಕೂಗಿದಾಗ ನಿನ್ನ ಮಕ್ಕಳು ಓಗೊಟ್ಟರೆ ಸಾಕು.

ನಿನ್ನ ಅಕ್ಕ
ರೋಜಾಲಿ